ಏಳನೇ ಸುತ್ತಿನಲ್ಲಿ ಸ್ನ್ಯಾಪರ್

ಆ ಶನಿವಾರ ಮಧ್ಯಾಹ್ನ ರೋಮನ್ ಕುಬಿಯಾಕ್ ಮನೆಯಲ್ಲಿರಬೇಕಾಗಿತ್ತು. ಹೆಂಡತಿ ಇರೀನ್ ಮತ್ತು ಮಗ ಕ್ಯಾಸ್ ಜೊತೆ ಟಿ.ವಿ. ಮುಂದೆ ಕೂತು, ಮಗನ ಫೋನು ಯಾವಾಗ ಹೊಡೆದುಕೊಳ್ಳುತ್ತದೋ ಎಂದು ಕಾಯಬೇಕಾಗಿತ್ತು. ಅವನೋ ಕಾಲಿಗೆ ಬುದ್ಧಿ ಹೇಳಿ, ಊರಿನ ಅಗ್ನಿಶಾಮಕ ಸ್ವಯಂಸೇವಕರ ಹಾಲ್‌ಗೆ, ಅಭಿಮಾನಿಗಳೆಲ್ಲ ಬಿಯರ್ ಹಿಡಿದು ಟಿ.ವಿ. ನೋಡಲು ಸೇರುವಲ್ಲಿಗೆ, ಬಂದು ಕೂತಿದ್ದ. ಮುಂದಿಟ್ಟ ಚಿಕನ್ ವಿಂಗ್ಸ್ ತಣ್ಣಗಾಗಿತ್ತು.

ಓಡಿ ಬರಲು ಕಾರಣ ಬೆಳಿಗ್ಗೆ ಅವನೇ ಆಡಿದ ಮಾತು. ಡ್ರಾಫ್ಟಿನ ಕೊನೆಯ ದಿನ. ಕಾಲೇಜು ಮುಗಿಸಿದ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ತಂಡಗಳು ಪಾಳಿಯ ಮೇಲೆ ಆರಿಸಿಕೊಳ್ಳುವ ಏಳು ಸುತ್ತುಗಳಲ್ಲಿ ಮೂರು ಮುಗಿದು, ಯಾರಿಗೂ ಹೆಸರು ಗೊತ್ತಿಲ್ಲದ ಹುಡುಗರ ಸರದಿ ಬಂದಿತ್ತು. ಕ್ಯಾಸ್ ಅಂಥವರಲ್ಲಿ ಒಬ್ಬ. ಅವನು ಸ್ನ್ಯಾಪರ್: ಬಗ್ಗಿ ನಿಂತು, ಕಾಲ ಸಂದಿನಿಂದ ಚೆಂಡನ್ನು ಹಿಂದಕ್ಕೆ, ಒದೆಯುವವನ ಕೈಗೆ ಎಸೆಯುವವನು. ಸರಿಯಾಗಿ ಎಸೆದಷ್ಟು ದಿನ ಅವನ ಹೆಸರು ಯಾರಿಗೂ ಬೇಡ. ಒಮ್ಮೆ ತಪ್ಪಿದರೆ ಊರಿಗೆಲ್ಲ ಬಾಯಿಪಾಠ.

ಕಾಫಿ ಕುಡಿಯುತ್ತಾ ಕ್ಯಾಸ್ ಕೇಳಿದ್ದ: “ಅಪ್ಪ, ನಿನ್ ಕೈಲಿದ್ರೆ ನನ್ನ ಆರಿಸ್ತಿದ್ಯಾ?”

ಬೇರೆ ಯಾವ ಅಪ್ಪನಾದರೂ ಹೂಂ ಅನ್ನುತ್ತಿದ್ದ. ರೋಮನ್ ಮೂವತ್ತು ವರ್ಷದಿಂದ ನಮ್ಮ ಕಡೆಯ ತಂಡದ ಹುಚ್ಚು ಹತ್ತಿಸಿಕೊಂಡವನು. ಪ್ರಶ್ನೆ ಕಿವಿಗೆ ಬಿದ್ದದ್ದೇ ಅಭಿಮಾನಿಯ ಬುದ್ಧಿ ಓಡಿತು. “ಏಳನೇ ಸುತ್ತಲ್ಲೂ ಇಲ್ಲ ಕಣೋ,” ಅಂದ. “ಪಾಳಿ ಯಾಕೆ ದಂಡ ಮಾಡ್ಬೇಕು? ಡ್ರಾಫ್ಟ್ ಮುಗಿದ್ಮೇಲೆ ಉಳಿದೋರನ್ನ ಯಾವ ತಂಡ ಬೇಕಾದ್ರೂ ಕರ್ಕೋಬೋದು, ಹೆಂಗಿದ್ರೂ ಸುಮ್ನೆ ಸಿಕ್ತೀಯ.” ಕ್ಯಾಸ್ ತಲೆಯಾಡಿಸಿ ಲೋಟ ತೊಳೆಯಲು ಎದ್ದುಹೋದ. ಇರೀನ್ ಗಂಡನನ್ನು ನೋಡಿದ ನೋಟ ಹಾಗಿರಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೋಮನ್‌ಗೆ ಅದು ತಿಳಿಯುವ ಹೊತ್ತಿಗೆ ನಲ್ಲಿ ನಿಂತು, ಹುಡುಗ ತನ್ನ ಕೋಣೆಗೆ ಹೋಗಿಯಾಗಿತ್ತು.

ಹಾಲ್‌ನಲ್ಲಿ ವಾದ ಜೋರಾಗಿತ್ತು. ಇಲ್ಲಿಯದೊಂದು ಪದ್ಧತಿ. ಬಾರಿನ ಹಿಂದೆ ಮೊಳೆಯ ಮೇಲೆ ಹಳೇ ಕಾಲದ ತೊಗಲಿನ ಹೆಲ್ಮೆಟ್ ನೇತಾಡುತ್ತದೆ. ನಮ್ಮ ತಂಡದ ಪಾಳಿ ಹತ್ತಿರ ಬಂದಾಗ, ಇಂಥವನನ್ನು ಆರಿಸಬೇಕು ಅನ್ನುವವರು ಅದನ್ನು ತಲೆಗಿಟ್ಟುಕೊಂಡು ಎದ್ದು ನಿಂತು ವಾದಿಸಬೇಕು. ಹೆಲ್ಮೆಟ್ ಮತ್ತೆ ಮೊಳೆಗೆ ಹೋಗುವತನಕ ಉಳಿದವರು ತುಟಿ ಬಿಚ್ಚುವಂತಿಲ್ಲ, ಒಪ್ಪಿಗೆಯಿದ್ದರೆ ಕೈ ಎತ್ತಬಹುದು, ಅಷ್ಟೇ. ತಂಡದ ಯಜಮಾನರಿಗೆ ಇಂಥದೊಂದು ಹಾಲ್ ಇದೆಯೆಂಬ ಸುದ್ದಿಯೂ ಇಲ್ಲ. ಆದರೂ ಇಲ್ಲಿ ಕೈ ಎತ್ತಿದ್ದು ಅಲ್ಲಿಗೆ ಮುಟ್ಟುತ್ತದೆ ಎಂದು ಇವರೆಲ್ಲ ನಂಬಿದ್ದಾರೆ.

ನಾಲ್ಕು, ಐದು, ಆರನೇ ಸುತ್ತುಗಳು ಕಳೆದವು. ಒಬ್ಬನ ಮೊಣಕಾಲು ಸರಿಯಿಲ್ಲವೆಂದು ಒಂದು ಮೇಜಿನವರು, ಮೊಣಕಾಲಿಗಿಂತ ತಲೆ ಸರಿಯಿಲ್ಲವೆಂದು ಇನ್ನೊಂದು ಮೇಜಿನವರು ಕಿತ್ತಾಡಿದರು. ರೋಮನ್ ಒಂದಕ್ಕೂ ಬಾಯಿ ಹಾಕಲಿಲ್ಲ. ಬೇರೆ ತಂಡದ ಹೆಸರು ಕೂಗಿದಾಗೆಲ್ಲ ಕ್ಯಾಸ್ ಹೆಸರು ಬರಲಿ ಅನ್ನಿಸುತ್ತಿತ್ತು. ಬಾರದಿದ್ದಾಗ ಎದೆಯ ಮೇಲೆ ಇನ್ನೊಂದು ಕಲ್ಲು ಹೇರಿದಂತೆ ಆಗುತ್ತಿತ್ತು. ಮಗ ಆಯ್ಕೆಯಾಗದಿದ್ದರೆ ಜಗತ್ತು ಮುಳುಗದು, ಅದು ಅವನಿಗೂ ಗೊತ್ತು. ಯಾರೂ ಕರೆಯದೆ ಈ ದಿನ ಮುಗಿದರೆ, ಹುಡುಗನ ಕಿವಿಯಲ್ಲಿ ಅಪ್ಪನ ಮಾತೊಂದೇ ಉಳಿಯುತ್ತದಲ್ಲ ಎಂಬುದೇ ಅವನ ಭಯ.

ಏಳನೇ ಸುತ್ತಿನಲ್ಲಿ ನಮ್ಮ ಪಾಳಿ ಹತ್ತಿರವಾದಾಗ ಬಾರಿನ ಹಿಂದಿದ್ದ ಲೊರೇನ್, ಹಾಲ್‌ನ ಅಡುಗೆ ನೋಡಿಕೊಳ್ಳುವವಳು, ಯಾರೂ ಎತ್ತದ ಮಾತನ್ನು ಎತ್ತಿದಳು. ನಮ್ಮ ಕ್ಯಾಸ್ ಇದ್ದಾನಲ್ಲ, ಅವನ ಪರವಾಗಿ ಯಾರೂ ಇಲ್ಲವೇ?

ಎಲ್ಲರೂ ಬಿಯರ್ ಲೋಟದೊಳಗೆ ಇಣುಕಿದರು. ಕ್ಯಾಸ್ ಚಿಕ್ಕಂದಿನಲ್ಲಿ ಇದೇ ಹಾಲ್‌ನ ಮೇಜುಗಳ ಕೆಳಗೆ ಆಡಿದವನು. ಆದರೆ ಹಿತ್ತಲ ಗಿಡ ಮದ್ದಲ್ಲ. ಕೊನೆಗೆ ಗಸ್ ಡೆಲ್‌ಮೊಂಟೆ ಗಂಟಲು ಸರಿಮಾಡಿಕೊಂಡ. ನೀರಿನ ಇಲಾಖೆಯಲ್ಲಿ ರೋಮನ್ ಜೊತೆ ಪೈಪು ಹೂತವನು, ಕ್ಯಾಸ್‌ಗೆ ಸೈಕಲ್ ಕಲಿಸಿದವನು.

“ಹುಡುಗ ಬಂಗಾರ,” ಅಂದ ಗಸ್. “ಆದ್ರೆ ಸ್ನ್ಯಾಪರ್‌ಗೆ ಪಾಳಿ ದಂಡ ಮಾಡ್ಬಾರ್ದು ಅಂತ ಈ ಹಾಲ್‌ಗೆ ಹೇಳ್ಕೊಟ್ಟೋನೇ ನಮ್ ರೋಮನ್. ಹೌದೋ ಅಲ್ವೋ ಮಾರಾಯ?”

ಹೌದು. ಹೆಲ್ಮೆಟ್ ಹಾಕಿಕೊಂಡು ಎಷ್ಟೋ ವರ್ಷ ಅದನ್ನೇ ಸಾರಿದ್ದ. ತಾನು ತೋಡಿದ ಗುಂಡಿಗೆ ತಾನೇ ಬಿದ್ದು, ಮೇಲೆ ಮಗನನ್ನೂ ಎಳೆದುಕೊಂಡಿದ್ದ. ರೋಮನ್ ಎದ್ದ. ಬಾಗಿಲ ಕಡೆಗೆ ಹೋಗುತ್ತಾನೆಂದು ಎಲ್ಲರೂ ತಿಳಿದರು. ಅವನು ಬಾರಿನ ಕಡೆ ಹೋಗಿ ಹೆಲ್ಮೆಟ್ ಇಳಿಸಿ ತಲೆಗಿಟ್ಟುಕೊಂಡ.

ಹಾಲ್ ಗಪ್‌ಚುಪ್ ಆಯಿತು.

ರೋಮನ್ ಹಿತ್ತಲಲ್ಲಿ ಕಟ್ಟಿದ್ದ ಹಳೇ ಟೈರಿನ ಬಗ್ಗೆ ಹೇಳಿದ. ಅದರ ತೂತಿಗೆ ಚೆಂಡೆಸೆಯುತ್ತಾ ಹುಡುಗ ಗ್ಯಾರೇಜಿನ ಗಾಜುಗಳನ್ನೆಲ್ಲ ಪುಡಿಮಾಡಿದ್ದು, ಊರ ಪಕ್ಕದ ಸರೋವರದ ಗಾಳಿಗೆ ಹಿಮ ಅಡ್ಡಡ್ಡ ಬೀಳುವಾಗ ಕೈಗವಸಿಲ್ಲದೆ ಅಭ್ಯಾಸ ಮಾಡಿದ್ದು, ಬೆರಳು ಸೆಟೆದು ಊಟಕ್ಕೆ ಚಮಚ ಹಿಡಿಯಲಾಗದೆ ಅಮ್ಮ ತಿನ್ನಿಸಿದ್ದು. ನಮ್ಮ ಮೈದಾನದಲ್ಲಿ ಡಿಸೆಂಬರಿನಲ್ಲಿ ಚೆಂಡು ಕಲ್ಲಾಗುತ್ತದೆ, ಅಂಥ ಚೆಂಡನ್ನು ಹದಕ್ಕೆ ತರಬಲ್ಲ ಕೈ ಬೇಕು ಅಂದ. ಕೊನೆಗೆ ವಾದವೆಲ್ಲ ಮರೆತುಹೋಯಿತು.

“ನನ್ ಕೈಲಿದ್ರೆ ಆರಿಸ್ತಿದ್ದೆ,” ಅಂದ. “ಬೆಳಿಗ್ಗೆ ಅವ್ನು ಕೇಳ್ದಾಗ ಇಲ್ಲ ಅಂದ್ಬಿಟ್ಟೆ.”

ಲೊರೇನ್ ಕೈ ಎತ್ತಿದಳು. ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಗಸ್ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ಕೂತಿದ್ದ, ಎತ್ತಲಿಲ್ಲ. ಸ್ನೇಹ ಸ್ನೇಹವೇ, ಏಳನೇ ಸುತ್ತು ಏಳನೇ ಸುತ್ತೇ.

ಅಷ್ಟರಲ್ಲಿ ಟಿ.ವಿ.ಯಲ್ಲಿ ನಮ್ಮ ತಂಡದ ಹೆಸರು ಬಂತು. ರೋಮನ್‌ನ ಜೀವ ಬಾಯಿಗೆ ಬಂದಿತ್ತು. ಪರದೆಯ ಮೇಲೆ ಬಂದದ್ದು ಎಲ್ಲಿಯದೋ ಒಬ್ಬ ದಢೂತಿ ಹುಡುಗನ ಮುಖ. ನಮ್ಮ ಪಾಳಿಗಳೆಲ್ಲ ಅಲ್ಲಿಗೆ ಮುಗಿದವು.

ರೋಮನ್ ಕುರ್ಚಿಗೆ ಕುಸಿದ. ಹೆಲ್ಮೆಟ್ ತಲೆಯ ಮೇಲೆಯೇ ಇತ್ತು, ಅದರ ಪರಿವೆಯೇ ಅವನಿಗಿರಲಿಲ್ಲ. ಅದನ್ನು ತೆಗೆ ಎನ್ನಲು ಯಾರೂ ಮಾತಾಡುವಂತಿಲ್ಲವಲ್ಲ. ಅಷ್ಟು ಜನ ಮೂಕರಾಗಿ ಕೂತಿದ್ದಾಗಲೇ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನಿಗೆ ಕಿವಿ ಕೊಂಚ ಮಂದ. ಎಂದಿನಂತೆ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟ.

“ಅಪ್ಪ,” ಅಂದಿತು ಕ್ಯಾಸ್‌ನ ದನಿ. “ನೋಡ್ದ್ಯಾ?”

“ನೋಡ್ದೆ ಕಣೋ.”

“ನೀನ್ ಹೇಳ್ದಂಗೇ ಆಯ್ತು. ಪಾಳಿ ಮುಗ್ದಿದ್ದೇ ತಡ ನಮ್ಮೋರು ಫೋನ್ ಮಾಡಿದ್ರು. ಸುಮ್ನೆ ಬಾ ಅಂತಿದಾರೆ.”

ಹಾಲ್‌ನಲ್ಲಿ ಎಷ್ಟೋ ಜನರ ಮುಖ ಅರಳಿತು. ಬಾಯಿ ಮಾತ್ರ ಬಿಡಲಿಲ್ಲ.

“ಇನ್ನೊಬ್ರೂ ಮಾಡಿದ್ರು,” ಅಂದ ಕ್ಯಾಸ್. “ಬಾಸ್ಟನ್ನೋರು.”

ಅರಳಿದ ಮುಖಗಳು ಅಷ್ಟೇ ಬೇಗ ಬಾಡಿದವು. ಬಾಸ್ಟನ್ ಕಡೆಯ ತಂಡದ ಹೆಸರನ್ನು ಈ ಹಾಲ್‌ನಲ್ಲಿ ಉಗುಳದೆ ಹೇಳಿದವರಿಲ್ಲ. ರೋಮನ್ ಆ ತಂಡದ ಅಂಗಿ ತೊಟ್ಟ ನೆಂಟನೊಬ್ಬನನ್ನು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಿಂದ ಎಬ್ಬಿಸಿ ಕಳಿಸಿದ್ದವನು.

ಹುಡುಗ ಬಿಡಿಸಿ ಹೇಳಿದ. ನಮ್ಮ ತಂಡದಲ್ಲಿ ಗಟ್ಟಿಯಾಗಿ ಬೇರೂರಿದ ಸ್ನ್ಯಾಪರ್ ಇದ್ದಾನೆ. ಇಲ್ಲಿಗೆ ಬಂದರೆ ಬೇಸಿಗೆಯಿಡೀ ಅವನಿಗೆ ಜೊತೆಗಾರನಾಗಿದ್ದು, ಆಗಸ್ಟಿನಲ್ಲಿ ಮನೆಗೆ ಹೋಗು ಅನ್ನಿಸಿಕೊಳ್ಳಬೇಕು. ಅಲ್ಲಿಯವನು ಆಟ ಬಿಟ್ಟಿದ್ದಾನೆ, ಜಾಗ ಖಾಲಿ. ಡ್ರಾಫ್ಟ್ ಮುಗಿಯುವುದರೊಳಗೆ ಉತ್ತರ ಹೇಳಬೇಕು.

“ಮತ್ತೆ ಯೋಚನೆ ಏನೋ?” ಅಂದ ರೋಮನ್.

“ನೀನು ನೋಡೋಕ್ ಬರೋದು ನಮ್ಮೋರನ್ನ ತಾನೇ ಅಪ್ಪ. ಬೆಂಚಲ್ ಕೂತ್ರೂ ಪರವಾಗಿಲ್ಲ, ಇಲ್ಲಿದ್ರೆ ನೀನು ಬರ್ತೀಯ.”

ರೋಮನ್‌ಗೆ ಅಳು ಒತ್ತರಿಸಿ ಬಂತು. ಮೂವತ್ತು ವರ್ಷದ ಹುಚ್ಚು ಏನು ಮಾಡಿಟ್ಟಿದೆ ಎಂಬುದು ಆಗ ಅವನಿಗೆ ಕಂಡಿತು. ಅಪ್ಪನಿಗಿಂತ ಅಭಿಮಾನಿ ದೊಡ್ಡವನೆಂದು ಹುಡುಗ ನಂಬಿಬಿಟ್ಟಿದ್ದ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಸುತ್ತಲೂ ನಮ್ಮ ತಂಡದ ನೀಲಿ ಕೆಂಪು ಅಂಗಿ ತೊಟ್ಟವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು.

“ಬಾಸ್ಟನ್‌ಗೆ ಹೋಗು,” ಅಂದ.

“ಅಪ್ಪ?”

“ಆ ದರಿದ್ರ ಅಂಗಿ ಹಾಕ್ಕೊಂಡು ಮುಂದಿನ್ ಸಾಲಲ್ ಬಂದು ಕೂತ್ಕೋತೀನಿ. ಹೋಗು ಮಗ.” ಉಸಿರೆಳೆದುಕೊಂಡ. “ಇನ್ನೊಂದು. ಬೆಳಿಗ್ಗೆ ನಾನ್ ಹೇಳಿದ್ದು ತಪ್ಪು. ಮೊದಲ್ನೇ ಸುತ್ತು ಅಂತ ಸುಳ್ ಹೇಳಲ್ಲ. ಆರನೇದ್ರಲ್ಲಿ ಆರಿಸ್ತಿದ್ದೆ.”

ಕ್ಯಾಸ್‌ನ ದನಿ ಚಿಕ್ಕ ಹುಡುಗನದಂತೆ ಕೇಳಿತು. “ಆರನೇದ್ರಲ್ಲಾ?”

“ಆರನೇದ್ರಲ್ಲಿ. ಈಗ ಫೋನಿಡು, ಅವ್ರಿಗೆ ಹೇಳು.”

ಫೋನು ಸುಮ್ಮನಾಯಿತು. ರೋಮನ್ ತಲೆಯೆತ್ತಲು ಹೆದರಿದ. ಕೊನೆಗೆ ಎತ್ತಿದಾಗ ಕಂಡದ್ದು, ಎದುರು ಮೇಜಿನಲ್ಲಿ ಗಸ್ ಲೋಟ ಕೆಳಗಿಟ್ಟು, ಮುಖ ಸಿಂಡರಿಸಿಕೊಂಡೇ ಕೈ ಎತ್ತಿದ್ದು. ಅವನ ಹಿಂದೆ ಇನ್ನೊಂದು ಕೈ, ಅದರಾಚೆ ಮತ್ತೊಂದು. ಹೆಲ್ಮೆಟ್ ಮೊಳೆಗೆ ಹೋಗುವತನಕ ಯಾರೂ ಮಾತಾಡುವಂತಿರಲಿಲ್ಲ. ರೋಮನ್ ಅದನ್ನು ಕಣ್ಣಿನ ತನಕ ಕೆಳಗೆಳೆದುಕೊಂಡು, ಸ್ವಲ್ಪ ಹೊತ್ತು ಹಾಗೆಯೇ ಕೂತ.