ಮುಚ್ಚಳಕ್ಕೆ ಕಟ್ಟಿದ ತಂತಿ

ಶಿವಲಿಂಗವ್ವನ ಬಲಗಣ್ಣಿಗೆ ಈಗ ಯಾರ ಮುಖವೂ ಇಲ್ಲ. ಎದುರು ನಿಂತವರ ಕಿವಿ ಕಾಣುತ್ತದೆ, ಹೆಗಲು ಕಾಣುತ್ತದೆ. ನಡುವೆ ಮಾತ್ರ ಸೀದ ರೊಟ್ಟಿಯಂಥ ಕಪ್ಪು ಕಲೆ. ಒಳಗಿನ ಪರದೆ ಸುಟ್ಟಿದೆ, ಇನ್ನು ಸರಿಹೋಗದು ಎಂದು ಬಾಗಲಕೋಟೆಯ ಡಾಕ್ಟರು ಹೇಳಿ ಕಳಿಸಿದ್ದರು.

ಎರಡು ಸಾವಿರದ ಒಂಬತ್ತರಲ್ಲಿ ಇಳಕಲ್ಲಿನ ಮನೆಯ ಮಗ್ಗ ನಿಂತಾಗ ಅವಳು ಗುರಲಿಂಗಪ್ಪನ ಶೆಡ್ಡಿಗೆ ಕೂಲಿಗೆ ಸೇರಿದ್ದಳು. ಅಲ್ಲಿ ಸ್ಟೀಲ್ ತಟ್ಟೆಗಳ ಮೇಲೆ ಲೇಸರ್‌ನಿಂದ ಸೀರೆಯ ದಡಿ ಮೂಡಿಸುತ್ತಿದ್ದರು. ಬಣ್ಣ ಬಳಿಯುವ ಮಾತೇ ಇಲ್ಲ. ಬೆಳಕು ಲೋಹವನ್ನು ಕಾಯಿಸುತ್ತದೆ. ಕಾವು ಹೆಚ್ಚುಕಡಿಮೆಯಾದಂತೆ ಹಳದಿ, ಕೆಂಪು, ನೀಲಿ ಏಳುತ್ತವೆ. ಕಾವು ಕೊಂಚ ತಪ್ಪಿದರೂ ದಡಿಯ ಗಿರಿಕುಂಕುಮದ ಕೆಂಪು ಕಂದಾಗುತ್ತದೆ, ತಟ್ಟೆ ಗುಜರಿಗೆ ಹೋಗುತ್ತದೆ.

ಮುಚ್ಚಳ ತೆರೆದರೆ ಬೆಳಕು ತಾನೇ ಆರುವಂತೆ ಯಂತ್ರದ ಮುಚ್ಚಳಕ್ಕೊಂದು ಗುಂಡಿ ಇತ್ತು. ಬಣ್ಣ ನೋಡಲು ಮುಚ್ಚಳ ತೆರೆದಾಗೆಲ್ಲ ಬೆಳಕು ಆರಿ ತಟ್ಟೆ ಕೆಡಬಾರದೆಂದು ಗುರಲಿಂಗಪ್ಪ ಆ ಗುಂಡಿಯನ್ನು ತಂತಿಯಿಂದ ಬಿಗಿಸಿಬಿಟ್ಟ. ಆಮೇಲೆ ಮುಚ್ಚಳ ತೆರೆದರೂ ಬೆಳಕು ಉರಿಯುತ್ತಿತ್ತು.

"ನೇಕಾರ್ರ ಕಣ್ಣು ನಿಂದು, ತಂಗಿ. ಎಳಿ ನೋಡಿದಂಗ ಸನೇಕ ಕುಂತು ನೋಡು. ಕೆಂಪ ಬಂದ ಕೂಡ್ಲೆ ಹೇಳು," ಎಂದಿದ್ದ.

ಹರಿದ ಎಳೆ ಹುಡುಕುವ ನೇಕಾರರು ಮೂಗು ತಾಗುವಷ್ಟು ಬಾಗುತ್ತಾರೆ. ಅವಳೂ ಹಾಗೆಯೇ ಬಾಗಿದಳು. ಕಾಣುತ್ತಿದ್ದುದು ಸಾಸಿವೆಯಷ್ಟು ಕಿಡಿ. ಸುಡುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ ಎಂದು ಯಾರೂ ಹೇಳಲಿಲ್ಲ.

ಕಣ್ಣು ಹೋಯಿತೆಂದು ಅವಳು ದೂರು ಕೊಟ್ಟ ಮೇಲೆ ತಪಾಸಣೆಗೆ ಕಾರ್ಮಿಕ ಇಲಾಖೆಯ ಸಾಹೇಬನೊಬ್ಬ ಬಂದ. ಬಂದವನೇ ಭಜಿ, ಚಹಾಕ್ಕೆ ಕೂತ.

"ಇಕಿ ಕಣ್ಣು ಮಗ್ಗದಾಗ ಹೋಗೇತ್ರಿ," ಎಂದ ಗುರಲಿಂಗಪ್ಪ. "ಈ ಬೆಳಕಿನಾಗ ಏನಿಲ್ರಿ. ಊದಿನಕಡ್ಡಿ ಕಿಡಿ ಇದ್ದಂಗ."

"ಆ ತಂತಿ ನೋಡ್ರಿ, ಸಾಹೇಬ್ರ," ಎಂದಳು ಶಿವಲಿಂಗವ್ವ.

"ನೋಡೂಣು ತಗೋ." ಸಾಹೇಬ ಎಣ್ಣೆಗೈಯಲ್ಲೇ ತಟ್ಟೆಯೊಂದನ್ನು ತಿರುಗಿಸಿದ. "ಭಾರಿ ಬಣ್ಣ ಬಂದೈತಲ್ರಿ. ನಮ್ಮ ಮನಿ ಬಾಗಲಕ್ಕ ಒಂದು ಹೆಸರಿನ ಪಾಟಿ ಮಾಡಸ್ರಿ."

ಶಿವಲಿಂಗವ್ವ ಎಡಗಣ್ಣು ಮುಚ್ಚಿದಳು. ಸಾಹೇಬನ ಜಗಿಯುವ ಬಾಯಿ ಕಪ್ಪು ಕಲೆಯ ಹಿಂದೆ ಮರೆಯಾಯಿತು. ಚಪ್ಪರಿಕೆ ಕೇಳುತ್ತಲೇ ಇತ್ತು.

"ಈಗ ಮಾಡಸ್ತೇನ್ರಿ. ಅಮೀನಬಿ, ನೀ ಕೂಡು," ಎಂದ ಗುರಲಿಂಗಪ್ಪ.

ತಟ್ಟೆ ಉಜ್ಜುತ್ತಿದ್ದ ಅಮೀನಬಿ ಎದ್ದು ಬಂದು ಮುಚ್ಚಳ ತೆರೆದು ಯಂತ್ರದೊಳಗೆ ಪಾಟಿ ಇಟ್ಟಳು. ಮುಂದಿದ್ದ ಸ್ಟೂಲಿನ ಮೇಲೆ ಕೂರಲಿಲ್ಲ.

"ಹೆಸರು ನಿಮ್ಮದು, ಸಾಹೇಬ್ರ," ಎಂದಳು ಶಿವಲಿಂಗವ್ವ. "ಬಣ್ಣಾನೂ ನೀವ ಕುಂತು ನೋಡ್ರಲಾ."

ಸಾಹೇಬ ನಗುತ್ತಾ ಚಹಾದ ಕಪ್ಪು ಹಿಡಿದೇ ಬಂದು ಕೂತ, ಯಂತ್ರದೊಳಗೆ ಬಾಗಿದ.

"ಚಾಲೂ ಮಾಡ್ಲೇನ್ರಿ?" ಅಮೀನಬಿಯ ಬೆರಳು ಸ್ವಿಚ್ಚಿನ ಮೇಲಿತ್ತು.

ಗುರಲಿಂಗಪ್ಪ ಓಡಿ ಬಂದು ಸಾಹೇಬನ ಹೆಗಲು ಹಿಡಿದು ಹಿಂದಕ್ಕೆಳೆದ. ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತು.

"ಬ್ಯಾಡ್ರಿ ಸಾಹೇಬ್ರ, ಕಣ್ಣು..."

"ಮುಂದ ಹೇಳ್ರಿ, ಮಾಲಕ್ರ," ಎಂದಳು ಶಿವಲಿಂಗವ್ವ. "ಕಣ್ಣಿಗೆ ಏನಾಗ್ತೈತಿ?"

ಸಾಹೇಬ ಅಂಗಿ ಒರೆಸಿಕೊಳ್ಳುತ್ತ ಬಾಗಿಲ ಕಡೆ ಸರಿದ. ತಟ್ಟೆ ಉಜ್ಜುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಯಂತ್ರದ ಸುತ್ತ ನಿಂತರು. ಯಾರೂ ಸ್ಟೂಲಿನ ಮೇಲೆ ಕೂರಲಿಲ್ಲ.