ಮೇಲಿನ ಲೇಔಟಿನ ನೀರು

"ಥೂ, ಇವ್ರ ಹೊಟ್ಟೆ ಸೇದೋಗ! ನಿನ್ನೆ ಮೆಕ್ಕೆಜೋಳ ತಿಂದವ್ರೆ ಕಣೇ, ನೋಡಿಲ್ಲಿ!"

ಮುನಿತಾಯಮ್ಮ ಅಡುಗೆಮನೆಯಿಂದ ಕರಿನೀರು ಮೊಗೆದು ಬೀದಿಗೆ ಎರಚುತ್ತಿದ್ದಳು. ಮೊಮ್ಮಗಳು ಸ್ಪಂದನ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಬಕೆಟ್ ಹಿಡಿದಿದ್ದಳು. ಹೈದರಾಬಾದಿನ ದೊಡ್ಡ ಹೋಟೆಲಿನ ರಿಸೆಪ್ಷನ್ನಿನಲ್ಲಿ ನಕ್ಕು ನಕ್ಕು ದವಡೆ ನೋಯಿಸಿಕೊಂಡವಳು ಅವಳು. ಯಾವ ಕೇರಿಯವಳೆಂದು ಮ್ಯಾನೇಜರಿಗೆ ತಿಳಿದದ್ದೇ ತಡ, ಡ್ಯೂಟಿ ಹಿಂಬದಿಯ ಲಾಂಡ್ರಿಗೆ ಬದಲಾಯಿತು. ಕೆಲಸವನ್ನು ಅವನ ಮುಖಕ್ಕೆ ಬಿಸಾಡಿ, ಕೆಂಗೇರಿಯಲ್ಲಿ ಮೆಟ್ರೋ ಇಳಿದು ಬಂದರೆ ಕೇರಿಯ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಇವರು ಉತ್ತು ಬಿತ್ತಿದ ಹೊಲದ ಮೇಲೆ ಲೇಔಟ್ ಎದ್ದಿತ್ತು. ಅದರ ಕಕ್ಕಸಿನ ನೀರೆಲ್ಲ ದಪ್ಪ ಪೈಪೊಂದರಲ್ಲಿ ಬಂದು ಕೇರಿಯ ಚರಂಡಿಗೆ ಬೀಳುತ್ತಿತ್ತು. ನಾತ ತಾಳದವರು ಜಾಗ ಖಾಲಿ ಮಾಡಿದ್ದರು.

ಅಜ್ಜಿ ಮೊಮ್ಮಗಳು ವೆಂಕಟಗಿರಿಯ ಮನೆಗೆ ಹೋದರು. ಹಳೆಯ ಜಮೀನುದಾರನ ಮಗ, ಈಗ ಲೇಔಟ್ ಸಂಘದ ಅಧ್ಯಕ್ಷ.

"ಏಯ್, ಟೈಲ್ಸ್ ಮೇಲೆ ಕಾಲಿಡ್ಬೇಡ್ರೇ! ಅಲ್ಲೇ ನಿಂತು ಬೊಗುಳ್ರೇ."

"ಪೈಪ್ ಬೇರೆ ಕಡೆ ತಿರುಗ್ಸಿ ಸಾರ್. ನಮ್ ಅಡ್ಗೆಮನೇಗೇ ಬರ್ತಿದೆ," ಎಂದಳು ಸ್ಪಂದನ.

"ನಾಕಕ್ಷರ ಇಂಗ್ಲೀಷ್ ಕಲ್ತೇಟ್ಗೆ ನಾತ ಗೊತ್ತಾಗೋಯ್ತಾ? ನಿಮ್ ತಾತ ಅದ್ರಲ್ಲೇ ಈಜಾಡ್ದೋನು. ಮುನಿತಾಯಿ, ನಾಳೆ ಬೆಳಿಗ್ಗೆ ಸತ್ಯನಾರಾಯಣ ಪೂಜೆ. ಹಿತ್ಲು ಬಾಗ್ಲಿಗ್ ಬಾ, ಮಿಕ್ಕಿದ್ದು ಕೊಡುಸ್ತೀನಿ."

"ಆಯ್ತು ಬುದ್ದಿ," ಎಂದು ಮುದುಕಿ ಕೈಮುಗಿದಳು. ಗೇಟು ದಾಟಿದ ಮೇಲೆ ಉಗಿದಳು. "ನಿನ್ ಪೂಜೆಗೆ ನಾವೇ ತೀರ್ಥ ಕಳುಸ್ಬೇಕು, ನನ್ಮಗ್ನೇ!"

ಸ್ಪಂದನ ನಡುರಸ್ತೆಯಲ್ಲೇ ನಿಂತುಬಿಟ್ಟಳು. "ಅಜ್ಜೀ, ಇನ್ನೊಂದ್ಸಲ ಹೇಳು!"

ಬೆಳಕು ಹರಿಯುತ್ತಲೇ ಗಾರೆ ಕೆಲಸದ ತಿಮ್ಮಯ್ಯ ಪೈಪಿನ ಬಾಯಿಗೆ ಮರಳುಮೂಟೆ ತುರುಕಿ, ಕಲ್ಲು ಜಡಿದು, ಬೇಗ ಗಟ್ಟಿಯಾಗುವ ಸಿಮೆಂಟು ಮೆತ್ತಿದ. "ನನ್ ಮನೆ ಸಂಪಿಗೂ ಇಷ್ಟ್ ನೀಟಾಗ್ ಕಟ್ಟಿಲ್ಲ ಕಣವ್ವಾ," ಎಂದು ಕರಣೆ ಒರೆಸಿಕೊಂಡ.

ಪೂಜೆಯ ಹೊತ್ತಿಗೆ ಲೇಔಟಿನ ಕಕ್ಕಸುಗಳು ಗೊಳಗೊಳ ಎನ್ನತೊಡಗಿದವು. ಕೇರಿಗೆ ಹತ್ತಿರದ ಮನೆ ವೆಂಕಟಗಿರಿಯದೇ. ಮೊದಲು ಉಕ್ಕಿದ್ದು ಅವನ ಅಂಗಳದ ಚೇಂಬರ್. ರೇಷ್ಮೆ ಮಡಿಪಂಚೆ ಮೊಳಕಾಲಿಗೆ ಎತ್ತಿಕೊಂಡು ಅವನು ಓಡಿಬಂದ.

"ಯಾವ ಬೋಳಿಮಕ್ಳೋ ಮುಚ್ಚಿದ್ದು? ಒಡೀರೋ!"

ಮುನಿತಾಯಮ್ಮ ಹೊಸ ಸಿಮೆಂಟಿಗೆ ಅಡ್ಡವಾಗಿ ಕುಕ್ಕರಿಸಿದಳು. ಅವಳ ಪಕ್ಕ ಸ್ಪಂದನ, ಆಚೆಗೆ ತಿಮ್ಮಯ್ಯ, ಆಮೇಲೆ ಕೇರಿಯಲ್ಲಿ ಉಳಿದವರೆಲ್ಲ.

"ನೀವೇ ಒಡ್ಕೊಳಿ ಬುದ್ದಿ. ನಂಗ್ ಮಂಡಿನೋವು, ಏಳಕ್ಕಾಗಲ್ಲ. ರಟ್ಟೆ ಹಿಡ್ದು ಎತ್ತಿ ಪಕ್ಕಕ್ಕಿಡಿ. ಅಯ್ಯೋ, ಮಡೀಲಿದೀರಾ? ಮುಟ್ಟಂಗಿಲ್ವಾ?"

ಕೇರಿ ಕಿಸಕ್ಕೆಂದಿತು.

"ಯಜಮಾನ್ರೇ, ಮಂಟಪದ ತನಕ ಬಂತು!" ಮೇಲಿನಿಂದ ಪುರೋಹಿತರು ಕೂಗಿದರು.

ವೆಂಕಟಗಿರಿ ಹಲ್ಲು ಕಡಿದು ಕೈ ಚಾಚಿದ. ಗೇಣು ದೂರದಲ್ಲಿ ಕೈ ತಡೆದು ನಿಂತಿತು.

ಮುನಿತಾಯಮ್ಮ ಸೆರಗು ಸರಿಸಿ, ತೋಳನ್ನು ತಾನೇ ಇನ್ನಷ್ಟು ಮುಂದಕ್ಕೆ ಕೊಟ್ಟಳು.