ಹತ್ತು ಸುಳ್ಳು ಮುದ್ರೆ

ನರಗುಂದದಿಂದ ರೋಣಕ್ಕೆ ಬರುವ ಬಸ್ಸಿನಲ್ಲಿ ಕೂತು ಒಂದೇ ಮಾತನ್ನು ಹಲವು ಬಗೆಯಲ್ಲಿ ಜೋಡಿಸಿ ನೋಡುತ್ತಿದ್ದೆ. ಫಲಿತಾಂಶ ಅಷ್ಟು ಅನುಕೂಲವಾಗಿಲ್ಲ ಎನ್ನಬಹುದಿತ್ತು. ಪರೀಕ್ಷೆಯನ್ನು ಇನ್ನೊಮ್ಮೆ ಮಾಡೋಣ ಎನ್ನಬಹುದಿತ್ತು. ಎರಡೂ ಸುಳ್ಳಲ್ಲ, ಆದರೆ ನಿಜವನ್ನು ಮುಚ್ಚಿಡುವ ಮಾತುಗಳು. ನಿಜ ಇಷ್ಟೇ ಇತ್ತು: ಮುದಿಯಪ್ಪ ಸರ್ ಮೂವತ್ತೈದು ವರ್ಷ ಕೂತು ಕಂಡುಹಿಡಿದ ಸಿಂಧೂ ಲಿಪಿಯ ಓದು, ಓದಬಾರದ್ದನ್ನೂ ಓದಿಬಿಟ್ಟಿತ್ತು.

ಸರ್ ರೋಣದ ಕಾಲೇಜಿನಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದವರು. ಗಜೇಂದ್ರಗಡದ ನೇಕಾರರ ಮನೆತನ. ಕಾಲೇಜು ಮುಗಿಸಿ ಮನೆಗೆ ಹೋದರೆ ಅವರದು ಬೇರೆಯೇ ಲೋಕ. ಮೊದಲು ತಮಿಳು ಕಲಿತರು, ಆಮೇಲೆ ತೆಲುಗು, ತುಳು, ಕುರುಖ್. ಬಲೂಚಿಸ್ತಾನದ ಬ್ರಾಹುಯಿ ಭಾಷೆಯ ನಿಘಂಟನ್ನು ಎಲ್ಲಿಂದಲೋ ನಕಲು ಮಾಡಿಸಿ ತರಿಸಿಕೊಂಡರು. ಎರಡು ಬೇಸಿಗೆ ರಜೆಯಲ್ಲಿ ಗೊಂಡರ ಹಳ್ಳಿಯಲ್ಲಿದ್ದು ಗೊಂಡಿ ಮಾತಾಡಲು ಕಲಿತು ಬಂದರು. ದ್ರಾವಿಡ ಮೂಲದ ಈ ಭಾಷೆಗಳನ್ನೆಲ್ಲ ಕಲಿತದ್ದು ಸಿಂಧೂ ಕಣಿವೆಯ ಕಲ್ಲಿನ ಸಣ್ಣ ಮುದ್ರೆಗಳ ಮೇಲಿನ ನಾಲ್ಕೈದು ಚಿಹ್ನೆಗಳ ಸಾಲುಗಳಿಗೆ ಬಾಯಿ ಬರಿಸಲಿಕ್ಕೆ. ಈಗ ಅವರಿಗೆ ಎಪ್ಪತ್ತೊಂದು. ಪುಸ್ತಕ ಗದಗಿನ ಮುದ್ರಣಾಲಯದಲ್ಲಿತ್ತು. ಸೋಮವಾರ ಮುದ್ರಣ ಶುರುವಾಗಬೇಕಿತ್ತು.

ಪರೀಕ್ಷೆ ಬೇಕೆಂದದ್ದು ಅವರೇ. ನಾನು ನರಗುಂದದಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನಾದ್ದರಿಂದ ನನಗೇ ಹೇಳಿದರು.

“ಪ್ರಯೋಗಶಾಲಾದಾಗ ಬರೇ ನೀರ ಇಟ್ಟ ಒಂದ ಪರೀಕ್ಷಾ ಮಾಡ್ತಿದ್ವಿಲ್ಲೋ, ಹಂಗ. ನೀರಿಗೂ ಬಣ್ಣ ಬಂದ್ರ ದೋಷ ನಮ್ಮ ಔಷಧದಾಗ ಐತಿ ಅಂತ ತಿಳ್ಕೋಬೇಕು.”

ಈಚಿನ ಉತ್ಖನನವೊಂದರಲ್ಲಿ ಸಿಕ್ಕ, ಅವರು ಇನ್ನೂ ನೋಡದ ಹತ್ತು ಮುದ್ರೆಗಳ ಸಾಲುಗಳನ್ನು ಸಂಪಾದಿಸಿದೆ. ಇನ್ನೂ ಹತ್ತು ಸುಳ್ಳು ಸಾಲುಗಳನ್ನು ಕಂಪ್ಯೂಟರಿನಿಂದ ಹುಟ್ಟಿಸಿದೆ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಬಿಡಿಸಿ, ಕಲಸಿ, ಕ್ರಮಸಂಖ್ಯೆ ಹಾಕಿ ಕಳಿಸಿದೆ. ಸುಳ್ಳು ಎಷ್ಟು, ಒಂದಾದರೂ ಇದೆಯೋ ಇಲ್ಲವೋ ಎಂದು ಹೇಳಲಿಲ್ಲ. ಓದಲು ಬಂದದ್ದನ್ನು ಓದಬೇಕು, ಬಾರದ್ದನ್ನು ಬಿಡಬೇಕು. “ಸುಳ್ಳು ಮುದ್ರೆ ಬಾಯಿ ಬಿಡಂಗಿಲ್ಲ, ನೋಡ್ತಿರು” ಎಂದಿದ್ದರು ಸರ್.

ಅವರು ಇಪ್ಪತ್ತನ್ನೂ ಓದಿದರು. ಒಂದನ್ನೂ ಬಿಡಲಿಲ್ಲ. ಹದಿನಾಲ್ಕನೆಯದರ ಅರ್ಥ ‘ದನಗಳ ಒಡೆಯ, ನದಿಯ ಮೂರು ದಾರಿಗೆ ಕಾವಲು’ ಎಂದು ಬರೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ‘ಇದನ್ನು ಮುನ್ನುಡಿಗೆ ಸೇರಿಸಿದ್ದೇನೆ’ ಎಂದು ಟಿಪ್ಪಣಿ ಹಾಕಿದ್ದರು. ಆ ಹದಿನಾಲ್ಕನೆಯದು ನನ್ನ ಕಂಪ್ಯೂಟರಿನದು. ಅದು ಹುಟ್ಟಿದಾಗ ನಾನು ಚಹಾ ಕುಡಿಯುತ್ತಿದ್ದೆ.

ರೋಣದಲ್ಲಿ ಇಳಿದು, ಸರ್ ಇರುವ ಗಜೇಂದ್ರಗಡದ ಬಸ್ಸು ಹಿಡಿಯುವಾಗ ಸರ್ ಅವರ ಹೆಂಡತಿ ಸುಶೀಲವ್ವನವರ ಫೋನ್ ಬಂತು.

“ತಮ್ಮಾ, ಎಲ್ಲಿದ್ದಿ? ಮುಂಜಾನಿಂದ ಅವ್ರು ಹೊರಗ-ಒಳಗ ಅಡ್ಡಾಡಾಕ ಹತ್ಯಾರ. ಗುಳಿಗಿ ನುಂಗಂದ್ರ ‘ಶರತ ಬರ್ಲಿ’ ಅಂತಾರ. ನೀ ಏನ ಬಿ.ಪಿ. ಗುಳಿಗೇನು?”

“ರೋಣದಾಗ ಅದೀನ್ರಿ ಅವ್ವಾರ. ಇನ್ನೊಂದ ತಾಸು.”

“ಚಲೋ ಸುದ್ದಿ ಐತಿಲ್ಲ?”

ನಾನು ಗದ್ದಲದಲ್ಲಿ ಕೇಳಿಸದವನಂತೆ “ಹಲೋ, ಹಲೋ” ಎಂದೆ. ಅವರು ಮೋಸ ಹೋಗಲಿಲ್ಲ.

“ನೋಡಪಾ, ನಂಗ ಅವ್ರ ಲಿಪಿ ತಿಳ್ಯಾಂಗಿಲ್ಲ. ಹೋದ ತಿಂಗಳ ದವಾಖಾನಿಗೆ ಒಯ್ದಾಗ ಡಾಕ್ಟರ್ ಏನಂದ್ರು ಅನ್ನೂದ ಅಷ್ಟ ತಿಳಿತೈತಿ. ನಾಕ ತಪ್ಪ್ಯಾವ, ಉಳದದ್ದ ಬರೋಬ್ಬರಿ ಅಂತ ಹೇಳಿಬಿಡು. ಸಾಕು.”

ಫೋನ್ ಇಟ್ಟ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ನಾಲ್ಕು ತಪ್ಪಿವೆ ಎನ್ನುವುದು ಸುಲಭವಾಗಿತ್ತು. ಯಾವುದು ನಿಜ, ಯಾವುದು ಸುಳ್ಳು ಎಂಬುದು ನನ್ನೊಬ್ಬನಿಗೇ ಗೊತ್ತು. ಪುಸ್ತಕ ಬಂದರೆ ಯಾರಿಗೇನು ನಷ್ಟ? ನೂರು ಜನ ಓದುತ್ತಾರೆ, ಎಲ್ಲೋ ಒಬ್ಬ ನಗುತ್ತಾನೆ. ಆದರೆ ಆ ಒಬ್ಬ ನಗುವಾಗ ಸರ್ ಬದುಕಿದ್ದರೆ? ಮುಶಿಗೇರಿ ದಾಟಿದ ಮೇಲೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು.

ಮನೆಯ ಮುಂದಿನ ಕೋಣೆಯಲ್ಲಿ ಸರ್ ಅವರ ತಮ್ಮ ಕಳಕೇಶ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ನನ್ನನ್ನು ಕಂಡು ಕೈ ನಿಲ್ಲಿಸಿದ.

“ಬಂದ್ರಪಾ ಪರೀಕ್ಷಾ ಮಾಸ್ತರು! ಏನ ಮಾಡಿದ್ರಿ ನಮ್ಮಣ್ಣನ್ನ? ಪಾಸೋ, ಫೇಲೋ?”

“ಒಳಗದಾರೇನ್ರಿ?”

“ಅದಾನ, ಅದಾನ. ಐದಸಾವಿರ ವರ್ಷದ ಹಿಂದ ಸತ್ತಾವ್ರು ಏನಂದ್ರು ಅನ್ನೂದ ಅವಂಗ ಕೇಳಸ್ತೈತಿ. ‘ಊಟಕ್ಕ ಏಳ್ರಿ’ ಅಂದದ್ದ ಮಾತ್ರ ಕೇಳಸಂಗಿಲ್ಲ.”

ನಗಬೇಕಿತ್ತು. ಆಗಲಿಲ್ಲ.

ಒಳಗೆ ಸರ್ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಂದೆ ಅಚ್ಚಿನ ಕರಡು ಹರಡಿತ್ತು. ಕುಶಲ ಕೇಳಲಿಲ್ಲ, ಕೂಡು ಎನ್ನಲಿಲ್ಲ.

“ಇಪ್ಪತ್ತರಾಗ ಸುಳ್ಳ ಎಷ್ಟಿದ್ವು?”

ಸುಶೀಲವ್ವ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಅವರ ಮುಖ ನೋಡದೆ ಹೇಳಿದೆ. “ಹತ್ತು, ಸರ.”

“ಹದಿನಾಲ್ಕು?”

“ಅದೂ ಸುಳ್ಳರಿ.”

ಬಟ್ಟಲು ನೆಲಕ್ಕೆ ಬೀಳುತ್ತದೆ ಎಂದುಕೊಂಡೆ. ಸುಶೀಲವ್ವ ಅದನ್ನು ಮೆಲ್ಲಗೆ ನನ್ನ ಮುಂದೆ ಇಟ್ಟರು, ಅಷ್ಟೇ. ಸರ್ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸತೊಡಗಿದರು. ಆಮೇಲೆ ಅವರ ದನಿ ಏರಿತು.

“ನೀ ಸುಳ್ಳ ಮುದ್ರೆ ಹ್ಯಾಂಗ ಮಾಡಿದಿ? ಯಾವ ಚಿಹ್ನೆ ಆದಮ್ಯಾಲೆ ಯಾವದ ಬರ್ತೈತಿ ಅನ್ನೂ ಲೆಕ್ಕಾ ಹಾಕಿ ಮಾಡಿದಿಲ್ಲೋ?”

“ಹೌದ್ರಿ ಸರ. ಖರೇ ಮುದ್ರೆಯೊಳಗ ಜೋಡಿ ಹ್ಯಾಂಗ ಬರ್ತಾವೋ ಹಂಗ.”

“ಮತ್ತ! ಅವರ ಭಾಷಾದ ನಡಿಗಿ ಪೂರಾ ಕದ್ದಿ. ಅದರ ಮ್ಯಾಲೆ ಕಟ್ಟಿದ್ದ ಅರ್ಧಾ ಖರೇನ ಆಗ್ತೈತಿ. ನಾ ಓದಿದ್ನಿ! ಇದರಾಗ ನನ್ನ ತಪ್ಪೇನು? ನೀರ ಇಡು ಅಂದ್ರ ನೀ ಔಷಧಾ ಬೆರಿಸಿದ ನೀರ ಇಟ್ಟಿ.”

ಆ ಆಕ್ಷೇಪದಲ್ಲಿ ತಿರುಳಿತ್ತು. ಸುಳ್ಳು ಮುದ್ರೆ ತೀರಾ ಪೆದ್ದಾಗಿ ಕಾಣಬಾರದೆಂದೇ ನಾನು ಜೋಡಿಗಳನ್ನು ಉಳಿಸಿಕೊಂಡಿದ್ದೆ. ತಪ್ಪು ನನ್ನದಾಗಿದ್ದರೆ? ಒಂದು ಗಳಿಗೆ ಹಾಗೇ ಇರಲಿ ಎಂದು ಆಸೆಪಟ್ಟೆ. ಸುಶೀಲವ್ವ ಕೂಡ ಅದನ್ನು ಹಿಡಿದರು.

“ಹಂಗಾರ ಅವನ ಪರೀಕ್ಷಾನ ಸರಿ ಇಲ್ಲಲ್ರಿ. ಬಿಡ್ರಿ ಮತ್ತ.”

“ಬಿಡೂದೆಲ್ಲಿ ಬಂತು? ಈಗ ಮಾಡೂಣು. ಆ ಡಬ್ಬಿ ತಾ.”

ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿಯಲ್ಲಿ ರಟ್ಟಿನ ಚೂರುಗಳಿದ್ದವು. ಒಂದೊಂದರ ಮೇಲೂ ಒಂದೊಂದು ಚಿಹ್ನೆ. ಲಿಪಿಯನ್ನು ಬಾಯಿಪಾಠ ಮಾಡುವಾಗ ಸರ್ ಕತ್ತರಿಸಿ ಬರೆದಿಟ್ಟುಕೊಂಡವು.

“ಕಣ್ಣ ಮುಚ್ಚಿ ಐದ ತಗದ ಸಾಲಾಗಿ ಇಡು. ಲೆಕ್ಕಾ ಇಲ್ಲ, ಜೋಡಿ ಇಲ್ಲ. ಇದು ಖರೇ ನೀರು. ಇದಕ್ಕ ಬಾಯಿ ಬರಂಗಿಲ್ಲ ಶರತಾ, ನೀನ ನೋಡು.”

ಸುಶೀಲವ್ವ ನಿಜವಾಗಿಯೂ ಕಣ್ಣು ಮುಚ್ಚಿ, ದೇವರ ಮುಂದೆ ಚೀಟಿ ಎತ್ತುವವರಂತೆ ಐದು ಚೂರು ತೆಗೆದಿಟ್ಟರು. ಹೊರಗೆ ಮಗ್ಗದ ಸದ್ದು ಮತ್ತೆ ಶುರುವಾಗಿತ್ತು. ಸರ್ ಬಾಗಿ ನೋಡಿದರು. ನಾನು ಆ ಐದು ಚಿಹ್ನೆಗಳನ್ನು ನೋಡದೆ ಅವರ ತುಟಿಯನ್ನೇ ನೋಡಿದೆ.

ಮೊದಲನೆಯದಕ್ಕೆ ತಮಿಳಿನ ಶಬ್ದವೊಂದು ತಾನಾಗಿ ಬಂತು. ಎರಡನೆಯದಕ್ಕೆ ತಮಿಳಿನಲ್ಲಿ ಹೊಂದಲಿಲ್ಲ. ತೆಲುಗಿನಲ್ಲಿ ಹುಡುಕಿದರು, ಇಲ್ಲ, ಗೊಂಡಿಯಲ್ಲಿ ಸಿಕ್ಕಿತು. ಮೂರನೆಯದು ತುಳು. ನಾಲ್ಕನೆಯದರ ಹತ್ತಿರ ಹುಬ್ಬು ಗಂಟಿಕ್ಕಿ, ‘ಬ್ರಾಹುಯಿಯಾಗ…’ ಎಂದು ಗೊಣಗಿದರು, ಹುಬ್ಬು ಸಡಿಲವಾಯಿತು. ಐದನೆಯದು ತೆಲುಗು. ಬೇಡವೆಂದರೂ ಬಾಯಿ ನಡೆಯುತ್ತಿತ್ತು.

“ಹೊಳಿ ಆಚಿ… ಕುಂಬಾರನ… ಕಣಜ.”

“ಅಯ್ಯ ಶಿವನ!” ಸುಶೀಲವ್ವನ ಮುಖ ಅರಳಿತು. “ಎಷ್ಟ ಛಂದ ಬಂತ್ರಿ! ನೋಡಿದಿಲ್ಲ ತಮ್ಮಾ? ನಾ ಕಣ್ಣ ಮುಚ್ಚಿ ತಗದ್ರೂ ಓದ್ತಾರ ಅವ್ರು!”

ಅವರು ನನ್ನನ್ನು ನೋಡಿದರು, ಗಂಡನನ್ನು ನೋಡಿದರು. ನಗು ಅರ್ಧಕ್ಕೇ ನಿಂತಿತು.

“ಏನ್ರಿ? ನಾ ಏನರ ತಪ್ಪ ತಗದ್ನೇನು?”

“ಇಲ್ಲ. ನೀ ಬರೋಬ್ಬರಿ ತಗದಿ.” ಸರ್ ಚೂರುಗಳಿಂದ ಕಣ್ಣು ಎತ್ತಲಿಲ್ಲ. “ಶರತಾ, ಬರೇ ತಮಿಳ ಗೊತ್ತಿದ್ದಾಗ ನಂಗ ನಾಕೈದ ಮುದ್ರೆ ಬರ್ತಿದ್ವು. ತೆಲುಗು ಕಲ್ತೆ, ಹೆಚ್ಚಾದ್ವು. ಗೊಂಡಿ ಕಲ್ತೆ, ಮತ್ತ ಹೆಚ್ಚಾದ್ವು. ದಾರಿ ಸರಿ ಐತಿ ಅಂತ ತಿಳ್ಕೊಂಡ್ನೆಪಾ. ಒಂದೊಂದ ಚಿಹ್ನೆಗೆ ಆರಾರ ಬಾಗಲಾ ಇಟ್ಟೆ. ಎಲ್ಲಿಂದಾದ್ರೂ ಒಂದ ಅರ್ಥ ಒಳಗ ಬಂದ ಬರ್ತಿತ್ತು.”

ಅದನ್ನು ಹೇಳಲು ನಾನು ಬಸ್ಸಿನ ದಾರಿಯುದ್ದಕ್ಕೂ ಶಬ್ದ ಹುಡುಕಿದ್ದೆ. ಅವರೇ ಹೇಳಿದ ಮೇಲೆ ನನ್ನ ಭಯ ಇಳಿಯಬೇಕಿತ್ತು, ಇಳಿಯಲಿಲ್ಲ. ಅವರ ಕುತ್ತಿಗೆಯ ನರ ಬಡಿಯುವುದು ಕಾಣುತ್ತಿತ್ತು. ಸುಶೀಲವ್ವ ಎದ್ದು ಗುಳಿಗೆ, ನೀರು ತಂದರು. ಸರ್ ಬೇಡವೆನ್ನದೆ ನುಂಗಿದರು. ಆಮೇಲೆ ಫೋನ್ ಎತ್ತಿ ಗದಗಿನ ಮುದ್ರಣಾಲಯದವರ ಜೊತೆ ಮಾತಾಡಿದರು.

“ಸಲಾವುದ್ದೀನ, ಸೋಮವಾರ ಮಷೀನ ಹಚ್ಚಬ್ಯಾಡ್ರಿ… ಇಲ್ಲ, ಇಲ್ಲ, ಆರಾಮ ಅದೀನಿ. ತಪ್ಪಾಗೈತಿ… ಅಚ್ಚಿಂದಲ್ಲರಿ, ನಂದು… ಯಾವಾಗಂತ ಹೇಳಾಕ ಬರಂಗಿಲ್ಲ.”

ಸುಶೀಲವ್ವ ಸೆರಗಿನಿಂದ ಬಾಯಿ ಒತ್ತಿಕೊಂಡರು. ನಾನು ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ತಣ್ಣಗಾದ ಚಹಾ ಕುಡಿದೆ.

“ಒಂದ ಭಾಷಾ ಅಷ್ಟ ಇಟ್ಟ ನೋಡೂಣು,” ಎಂದರು ಸರ್, ಚೂರುಗಳನ್ನು ಡಬ್ಬಿಗೆ ತುಂಬುತ್ತ. “ಉಳದದ್ದೆಲ್ಲಾ ತಗದ್ರ ಏನ ಉಳಿತೈತಿ ನೋಡೂಣು. ಹೊಸಾ ಮುದ್ರೆ ಕೊಡ್ತೀಯಿಲ್ಲೋ?”

“ಕೊಡ್ತೀನ್ರಿ. ಆದ್ರ ಯಾವ ಭಾಷಾ ಅಂತ ಮೊದಲ ಹೇಳಬೇಕ್ರಿ ಸರ. ಮುದ್ರೆ ನೋಡಿದಮ್ಯಾಲೆ ಬದಲಿ ಮಾಡಂಗಿಲ್ಲ.”

“ಅದ ಸರಿ. ಅದ ಸರಿ.”

“ಅದರಾಗೇನೈತ್ರಿ?” ಎಂದರು ಸುಶೀಲವ್ವ. “ಕನ್ನಡಾ ಇಟ್ಕೋರಿ.”

“ಕನ್ನಡಾ ಇಟ್ರ ಒಂದೂ ಬಾಯಿ ಬಿಡಂಗಿಲ್ಲ. ಗೊಂಡಿ ಆದ್ರ ಕಡೀಕ ಮೂರರಾಗ ಒಂದ—”

ಅಲ್ಲಿಗೇ ನಿಲ್ಲಿಸಿದರು. ಗೆಲ್ಲುವ ಭಾಷೆಯನ್ನೇ ಆರಿಸುತ್ತಿದ್ದೇನೆ ಎಂಬುದು ಅವರಿಗೇ ಕೇಳಿಸಿತ್ತು. ಅವರು ಎದ್ದು ನಿಘಂಟುಗಳ ಕಪಾಟಿನ ಮುಂದೆ ನಿಂತರು. ತಮಿಳಿನ ಮೇಲೆ ಬೆರಳಿಟ್ಟು ತೆಗೆದರು, ತುಳುವಿನ ಮೇಲೆ ಇಟ್ಟು ತೆಗೆದರು. ನಾನು ಕಾದೆ. ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ಕೊನೆಯ ಬಸ್ಸಿನ ವೇಳೆ ಹತ್ತಿರವಾಗುತ್ತಿತ್ತು. ಹೊತ್ತಾಯಿತು ಎನ್ನಲು ನನಗೆ ಧೈರ್ಯವಾಗಲಿಲ್ಲ. ಅವರಿನ್ನೂ ಒಂದು ನಿಘಂಟನ್ನೂ ಹೊರಗೆ ಎಳೆದಿರಲಿಲ್ಲ.